ಗೇಟಿನ ಆಚೆ ನಡೆದದ್ದನ್ನೂ ಬರೆಯಿರಿ

ಕಾರ್ಖಾನೆಯ ಒಳಗೆ ಪ್ರೆಸ್ ಯಂತ್ರಕ್ಕೆ ಒಬ್ಬನ ಬೆರಳು ಸಿಕ್ಕಿದರೆ ಅರ್ಧ ಗಂಟೆಯೊಳಗೆ ಮ್ಯಾನೇಜರ್ ಓಡಿ ಬರುತ್ತಾರೆ. ಯಂತ್ರ ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ತನಿಖೆಗೆ ಸಮಿತಿ ಕೂರುತ್ತದೆ, ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಕಚೇರಿಗೆ ನೋಟಿಸ್ ಹೋಗುತ್ತದೆ. ಅದೇ ಕಾರ್ಖಾನೆಯ ಫಿಟ್ಟರ್ ಒಬ್ಬ ಬೇರಿಂಗ್ ತರಲು ಬೈಕಿನಲ್ಲಿ ಹೋಗಿ ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡರೆ ಎಲ್ಲರ ಬಾಯಲ್ಲೂ ಬರುವುದು 'ರೋಡ್ ಆಕ್ಸಿಡೆಂಟ್' ಎಂಬ ಮಾತು. ಆ ಮಾತು ಬಂತೆಂದರೆ ಅಲ್ಲಿಗೆ ಮುಗಿಯಿತು. ಇನ್ನು ಅದು ಪೊಲೀಸರ ಕೆಲಸ, ಇನ್ಶೂರೆನ್ಸಿನವರ ಕೆಲಸ, ಮನೆಯವರ ಹಣೆಬರಹ. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಆ ದಿನದ ಪುಟ ಖಾಲಿ.

ಪೀಣ್ಯದಿಂದ ಬಿಡದಿವರೆಗೆ ಹಲವು ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಕೆಲಸ ಮಾಡಿದವನು ನಾನು. ಯಂತ್ರದಿಂದ ಆದ ಸಾವಿಗಿಂತ ರಸ್ತೆಯಲ್ಲಿ ಆದ ಸಾವಿಗಾಗಿಯೇ ನಾನು ಹೆಚ್ಚು ಮನೆಗಳ ಬಾಗಿಲಿಗೆ ಹೋಗಿದ್ದೇನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಆ ವರದಿಯಲ್ಲಿ ವಾಹನದ ಬಗೆ, ರಸ್ತೆಯ ಬಗೆ, ವಯಸ್ಸು, ಹೆಲ್ಮೆಟ್ ಇತ್ತೇ ಇಲ್ಲವೇ ಎಲ್ಲಕ್ಕೂ ಕೋಷ್ಟಕಗಳಿವೆ. ಸತ್ತವರಲ್ಲಿ ಎಷ್ಟು ಜನ ಕೆಲಸದ ಮೇಲೆ ಹೊರಟವರು ಎನ್ನುವುದಕ್ಕೆ ಮಾತ್ರ ಕೋಷ್ಟಕವಿಲ್ಲ. ಕಾರ್ಖಾನೆ ಕಾಯ್ದೆಯ 88ನೇ ಕಲಮಿನಲ್ಲಿ ಕೆಲಸಗಾರ 48 ಗಂಟೆ ಕೆಲಸಕ್ಕೆ ಬರಲಾಗದಂಥ ಅಪಘಾತಕ್ಕೆ ನೋಟಿಸ್ ಕೊಡಬೇಕೆಂದಿತ್ತು. ಆದರೆ ಅದು ಹೇಳಿದ್ದು ಕಾರ್ಖಾನೆಯಲ್ಲಿ ನಡೆದ ಅಪಘಾತದ ಮಾತು. ಹೀಗೆ ಒಂದು ಇಲಾಖೆಯ ಲೆಕ್ಕದಲ್ಲಿ ಅವನು ಬರೀ ಬೈಕ್ ಸವಾರ, ಇನ್ನೊಂದರ ಲೆಕ್ಕದಲ್ಲಿ ಅವನು ಇಲ್ಲವೇ ಇಲ್ಲ. ಈ ಸಂದಿಯಲ್ಲಿ ಬಿದ್ದವರನ್ನು ಕಾಗದದ ಮೇಲೆ ಹಿಡಿದಿಡಲು ಹೋಗಿ ಕಲಿತದ್ದನ್ನು ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ.

1. ಮೊದಲು ಕೇಳಬೇಕಾದದ್ದು: ಆ ಹೊತ್ತಿನಲ್ಲಿ ಅಲ್ಲಿ ಯಾಕಿದ್ದ?

ಫೋನ್ ಬಂದ ಕೂಡಲೇ ಜನ ಕೇಳುವುದು 'ತಪ್ಪು ಯಾರದು' ಎಂದು. ಅದು ಕೋರ್ಟು ಕೇಳುವ ಪ್ರಶ್ನೆ. ನಾವು ಕೇಳಬೇಕಾದದ್ದು, ಆ ಮನುಷ್ಯ ಆ ಹೊತ್ತಿನಲ್ಲಿ ಆ ಜಾಗದಲ್ಲಿ ಯಾರ ಕೆಲಸಕ್ಕಾಗಿ ಇದ್ದ ಎಂದು. ಉತ್ತರ ಸಾಮಾನ್ಯವಾಗಿ ಐದರಲ್ಲಿ ಒಂದಾಗಿರುತ್ತದೆ. ಗಾಡಿ ಓಡಿಸುವುದೇ ಅವನ ಉದ್ಯೋಗ: ಡ್ರೈವರ್, ಕ್ಲೀನರ್, ಡೆಲಿವರಿ ಹುಡುಗ. ಉದ್ಯೋಗ ಬೇರೆ, ಆದರೆ ಆ ದಿನ ಹೊರಗಿನ ಕೆಲಸಕ್ಕೆ ಕಳಿಸಿದ್ದರು: ಬ್ಯಾಂಕಿಗೆ, ಸ್ಟೋರ್ಸಿನ ಸಾಮಾನಿಗೆ, ಗಿರಾಕಿಯ ಹತ್ತಿರಕ್ಕೆ. ಕಂಪನಿ ಗೊತ್ತು ಮಾಡಿದ ಬಸ್ಸಿನಲ್ಲೋ ಟೆಂಪೊದಲ್ಲೋ ಬರುತ್ತಿದ್ದ. ಸ್ವಂತ ಗಾಡಿಯಲ್ಲೋ ನಡೆದೋ ಮನೆಯಿಂದ ಕೆಲಸಕ್ಕೆ ಬರುತ್ತಿದ್ದ, ಇಲ್ಲವೇ ಮನೆಗೆ ಮರಳುತ್ತಿದ್ದ. ಕೊನೆಯದಾಗಿ, ರಸ್ತೆಯೇ ಅವನ ಕೆಲಸದ ಜಾಗ: ಪೌರಕಾರ್ಮಿಕರು, ಡಾಂಬರು ಹಾಕುವವರು, ಲೈನ್‌ಮನ್‌ಗಳು, ಹೆದ್ದಾರಿಯ ನಡುವಿನ ಗಿಡಗಳಿಗೆ ನೀರು ಹಾಕುವವರು.

ಮನೆ–ಕೆಲಸದ ದಾರಿಯ ಅಪಘಾತವನ್ನು ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಕಾರ್ಮಿಕ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ 1998ರಲ್ಲಿ ಹೇಳಿದ್ದೂ ಇದನ್ನೇ. ಎರಡನ್ನೂ ಒಂದೇ ರಾಶಿಗೆ ಸುರಿದರೆ ಯಾವುದನ್ನು ತಡೆಯಲು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಆದರೆ ಬೇರೆ ಕಾಲಮ್ ಎಂದರೆ ಬರೆಯದೆ ಬಿಡುವ ಕಾಲಮ್ ಎಂದು ಓದಿಕೊಳ್ಳುವವರು ಬಹಳ ಜನ ಇದ್ದಾರೆ. ಅವರೊಂದಿಗೆ ವಾದಕ್ಕೆ ಇಳಿಯದೆ ಕಾಲಮ್ ಎಳೆದು ಬರೆಯಿರಿ.

2. ಆಸ್ಪತ್ರೆಯಲ್ಲಿ ಹೇಳಿದ ಮೊದಲ ಮಾತೇ ಕೊನೆಯವರೆಗೂ ಉಳಿಯುತ್ತದೆ

ಗಾಯಗೊಂಡವನನ್ನು ಕ್ಯಾಶುಯಾಲ್ಟಿಗೆ ತಂದಾಗ ಡ್ಯೂಟಿ ಡಾಕ್ಟರು 'ಏನಾಯ್ತು?' ಎಂದು ಕೇಳಿ ಎಂಎಲ್‌ಸಿ (ಮೆಡಿಕೊ–ಲೀಗಲ್ ಕೇಸ್) ರಿಜಿಸ್ಟರಿನಲ್ಲಿ ಎರಡು ಸಾಲು ಬರೆದುಕೊಳ್ಳುತ್ತಾರೆ. ಮುಂದೆ ಪೊಲೀಸರಿಗೆ ಹೋಗುವ ಮೆಮೊ, ವೂಂಡ್ ಸರ್ಟಿಫಿಕೇಟ್, ಇನ್ಶೂರೆನ್ಸ್ ವಕೀಲರ ಪಾಟೀಸವಾಲು ಎಲ್ಲವೂ ಆ ಎರಡು ಸಾಲಿನ ಮೇಲೆ ನಿಲ್ಲುತ್ತವೆ. ಅದನ್ನು ಹೇಳುವವರು ಯಾರು? ಜೊತೆಗೆ ಬಂದ ಸಹೋದ್ಯೋಗಿ, ಇಲ್ಲವೇ ದಾರಿಯಲ್ಲಿ ಹೋಗುತ್ತಿದ್ದ ಆಟೊದವರು. ಅವರಿಗೆ ಪೊಲೀಸರೆಂದರೆ ಅಂಜಿಕೆ. 'ಸ್ಕಿಡ್ ಆಗಿ ಬಿದ್ದ' ಎಂದುಬಿಟ್ಟರೆ ಬೇಗ ಮುಗಿಯುತ್ತದೆ ಎಂದುಕೊಳ್ಳುತ್ತಾರೆ. ಗುದ್ದಿ ಹೋದ ಲಾರಿ ಅಲ್ಲಿಗೇ ಮಾಯವಾಗುತ್ತದೆ.

ಇದಕ್ಕಿಂತ ಕೆಟ್ಟದ್ದನ್ನೂ ಕಂಡಿದ್ದೇನೆ. ಒಂದು ಕಡೆ ಕಾಂಟ್ರಾಕ್ಟರ್ ಕಡೆಯ ಮೇಸ್ತ್ರಿ, ಟೆಂಪೊದಿಂದ ಬಿದ್ದ ಹೆಂಗಸಿನ ಹತ್ತಿರ ಸ್ಟ್ರೆಚರಿನ ಪಕ್ಕದಲ್ಲೇ ಬಗ್ಗಿ, 'ಮನೆ ಮೆಟ್ಟಿಲ ಮೇಲೆ ಬಿದ್ದೆ ಅನ್ನಕ್ಕ, ದುಡ್ಡು ನಾನು ಕೊಡಿಸ್ತೀನಿ' ಎನ್ನುತ್ತಿದ್ದ. ಆಕೆ ಹಾಗೇ ಹೇಳಿದಳು. ಸೊಂಟದ ಮೂಳೆ ಮುರಿದಿತ್ತು. ಮೊದಲ ವಾರದ ಔಷಧಿಯ ದುಡ್ಡೇನೋ ಬಂತು. ಆಮೇಲೆ ಅವನು ಫೋನ್ ಎತ್ತಲಿಲ್ಲ. ಅಷ್ಟು ಹೊತ್ತಿಗೆ ಆಸ್ಪತ್ರೆಯ ದಾಖಲೆಯಲ್ಲಿ ಆಕೆ ತನ್ನ ಮನೆಯ ಮೆಟ್ಟಿಲ ಮೇಲೆ ಬಿದ್ದವಳಾಗಿದ್ದಳು. ಟೆಂಪೊದಲ್ಲಿ ಜೊತೆಗಿದ್ದವರ ಹೇಳಿಕೆ ಬರೆಸಿಕೊಂಡು, ಆ ದಿನದ ಹಾಜರಿ ತೆಗೆದು, ಡಾಕ್ಟರಿಗೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಶಾಖೆಗೂ ಅಲೆದು ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಹಿಡಿಯಿತು. ನೋವಿನಲ್ಲಿ ನರಳುವವರ ಬಾಯಿಂದ ಸುಳ್ಳು ಹೇಳಿಸುವುದನ್ನು ನಾನು ಸಣ್ಣ ತಪ್ಪು ಎನ್ನಲಾರೆ. ಅದು ಅವರ ಅನ್ನ ಕಿತ್ತುಕೊಳ್ಳುವ ಕೆಲಸ.

ಆದ್ದರಿಂದ ಪ್ರತಿ ಪಾಳಿಯಲ್ಲೂ ಇಬ್ಬರಿಗೆ ಈ ತರಬೇತಿ ಕೊಡಿ. ಆಸ್ಪತ್ರೆಗೆ ಜೊತೆಗೆ ಹೋಗುವವರು ಹೇಳಬೇಕಾದದ್ದು ಇಷ್ಟೇ: ಎಲ್ಲಿ ಕೆಲಸ ಮಾಡುತ್ತಾನೆ, ಎಲ್ಲಿಂದ ಎಲ್ಲಿಗೆ ಯಾಕೆ ಹೋಗುತ್ತಿದ್ದ, ಯಾವ ಗಾಡಿ ಹೇಗೆ ತಗುಲಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ಊಹೆ ಬೇಡ. ದಾರಿಹೋಕರಾಗಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಈ ಮಾತನ್ನು ಟೂಲ್‌ಬಾಕ್ಸ್ ಸಭೆಯಲ್ಲಿ ಮತ್ತೆ ಮತ್ತೆ ಹೇಳಿ. ಭಯ ಒಂದೇ ಸಲಕ್ಕೆ ಹೋಗುವುದಿಲ್ಲ.

3. ದೂರಿನಲ್ಲಿ ಕೆಲಸದ ಮಾತು ಬರಲಿ

ಪೊಲೀಸರಿಗೆ ಬೇಕಾದದ್ದು ಗಾಡಿಯ ನಂಬರು, ಸ್ಥಳ, ಸಮಯ, ಗುದ್ದಿದ ರೀತಿ. ಅವರ ಕಣ್ಣಲ್ಲಿ ಇದು ಅತಿವೇಗದ, ಅಜಾಗರೂಕ ಚಾಲನೆಯ ಪ್ರಕರಣ. ದೂರು ಬರೆಯುವವರು ನಾವಾದರೆ 'ಮೇಲ್ಕಂಡವರು ಇಂಥ ಕಾರ್ಖಾನೆಯ ನೌಕರರಾಗಿದ್ದು, ಎರಡನೇ ಪಾಳಿಯ ಕೆಲಸಕ್ಕೆ ಬರುತ್ತಿದ್ದಾಗ' ಎಂಬ ಸಾಲನ್ನು ಸೇರಿಸಲೇಬೇಕು. ಬರೆದುಕೊಳ್ಳುವ ರೈಟರ್ 'ಅದೆಲ್ಲ ಯಾಕ್ರೀ ಇಲ್ಲಿ' ಎಂದರೂ ನಯವಾಗಿ ಕೇಳಿ ಬರೆಸಿ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಯಲ್ಲಿ ಮೊದಲ ಅಪಘಾತ ವರದಿಯನ್ನೂ 90 ದಿನದಲ್ಲಿ ವಿವರವಾದ ವರದಿಯನ್ನೂ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಕೊಡಬೇಕು. ಈಗ ಇದೆಲ್ಲ ಇ–ಡಾರ್ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಅದರ ಮೊದಲ ರೂಪವನ್ನು ಪ್ರಯೋಗಕ್ಕೆ ತಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೂರಿನಲ್ಲಿ ಇಲ್ಲದ ಸಂಗತಿ ಮುಂದಿನ ಯಾವ ವರದಿಗೂ ತಾನಾಗಿ ಬರುವುದಿಲ್ಲ.

4. ಸಿಕ್ ಲೀವ್ ಎಂದು ಬರೆದರೆ ಆಗುವ ನಷ್ಟವನ್ನು ಲೆಕ್ಕ ಹಾಕಿ ತೋರಿಸಿ

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ. ಎಚ್‌ಆರ್ ವಿಭಾಗದ ಹುಡುಗ ಕೆಟ್ಟವನಲ್ಲ. ರಸ್ತೆಯಲ್ಲಿ ಬಿದ್ದವನಿಗೆ ಇಎಸ್‌ಐ ಕಾರ್ಡ್ ಇದೆ, ಆಸ್ಪತ್ರೆಗೆ ಸೇರಿದ್ದಾನೆ, ರಜೆಯ ಸರ್ಟಿಫಿಕೇಟ್ ಬರುತ್ತದೆ, ಇನ್ನೇನು ಬೇಕು ಎಂದುಕೊಂಡು ಸಿಕ್ ಲೀವ್ ಹಾಕುತ್ತಾನೆ. ಅವನ ಎದುರು ಕಾಗದ ಇಟ್ಟು ಲೆಕ್ಕ ಬರೆದು ತೋರಿಸುತ್ತಿದ್ದೆ.

ಗಾಯಾಳುವಿನ ದಿನದ ಸರಾಸರಿ ಕೂಲಿ 600 ರೂಪಾಯಿ ಎಂದಿಟ್ಟುಕೊಳ್ಳಿ. ಕಾಯಿಲೆ ಎಂದು ಬರೆದರೆ ಸಿಗುವುದು ಶೇ 70, ಅಂದರೆ ದಿನಕ್ಕೆ 420 ರೂಪಾಯಿ. ಅದೂ ವರ್ಷಕ್ಕೆ 91 ದಿನದವರೆಗೆ, ಅದೂ ನಿಗದಿತ ದಿನಗಳ ವಂತಿಗೆ ತುಂಬಿದ್ದರೆ. ಕೆಲಸದಿಂದಾದ ಗಾಯ ಎಂದು ಬರೆದರೆ ಸಿಗುವುದು ಶೇ 90, ದಿನಕ್ಕೆ 540 ರೂಪಾಯಿ. ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದ ಸ್ಥಿತಿ ಇದ್ದರೆ ಸಾಕು, ಗುಣವಾಗುವವರೆಗೂ ಬರುತ್ತದೆ. ಕೆಲಸಕ್ಕೆ ಸೇರಿ ಒಂದೇ ದಿನವಾಗಿದ್ದರೂ ಬರುತ್ತದೆ. ಅಂಗ ಊನವಾದರೆ ಮೆಡಿಕಲ್ ಬೋರ್ಡ್ ನಿಗದಿ ಮಾಡಿದ ಪ್ರಮಾಣದಲ್ಲಿ ಜೀವನಪರ್ಯಂತ ಹಣ. ಸತ್ತರೆ ಅವಲಂಬಿತರಿಗೆ ಶೇ 90ರ ದರದಲ್ಲಿ ತಿಂಗಳು ತಿಂಗಳು ಹಣ. ಕಾಯಿಲೆಯ ಕಾಲಮ್ಮಿನಲ್ಲಿ ಬರೆದವನು ಸತ್ತರೆ ಹೆಂಡತಿಗೆ ಆ ತಿಂಗಳು ತಿಂಗಳ ಹಣವಿಲ್ಲ. ಒಂದು ಪದದ ವ್ಯತ್ಯಾಸಕ್ಕೆ ಒಂದು ಸಂಸಾರದ ಇಪ್ಪತ್ತು ವರ್ಷದ ಊಟ ಹೋಗುತ್ತದೆ. ಈ ಲೆಕ್ಕ ತೋರಿಸಿದ ಮೇಲೆ ಯಾವ ಎಚ್‌ಆರ್ ಹುಡುಗನೂ ನನ್ನೊಡನೆ ವಾದ ಮಾಡಲಿಲ್ಲ.

'ಗೇಟಿನ ಹೊರಗೆ ಆದದ್ದು ಕೆಲಸದ ಗಾಯ ಹೇಗಾಗುತ್ತದೆ?' ಎನ್ನುವವರಿಗೆ ಉತ್ತರ ಇಎಸ್‌ಐ ಕಾಯ್ದೆಯಲ್ಲೇ ಇತ್ತು. ಮಾಲೀಕರ ವಾಹನದಲ್ಲಿ ಬರುವಾಗಿನ ಅಪಘಾತಕ್ಕೆ 51ಸಿ ಕಲಂ ಹಿಂದಿನಿಂದ ಇತ್ತು. 2010ರ ಜೂನ್ 1ರಿಂದ 51ಇ ಕಲಂ ಬಂತು. ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸದಿಂದ ಮನೆಗೆ ಹೋಗುವಾಗ ಆದದ್ದೂ ಕೆಲಸದ ಅಪಘಾತವೇ. ಸಂದರ್ಭ, ಸಮಯ, ಸ್ಥಳಗಳಿಗೂ ಕೆಲಸಕ್ಕೂ ನಂಟು ಇರಬೇಕು, ಅಷ್ಟೆ. ಆ ನಂಟನ್ನು ತೋರಿಸಿಕೊಡುವುದು ನಾವು ಬರೆಯುವ ದಾಖಲೆ. ಪಾಳಿ ಎಷ್ಟಕ್ಕೆ, ಮನೆ ಎಲ್ಲಿ, ಯಾವ ದಾರಿ, ಅಪಘಾತ ಎಷ್ಟಕ್ಕೆ ಎಂಬ ನಾಲ್ಕು ಸಂಗತಿ ಒಂದೇ ಕಾಗದದಲ್ಲಿ ಇರಬೇಕು. ದಾರಿ ಬಿಟ್ಟು ಬೇರೆ ಕಡೆ ಹೋಗಿದ್ದರೆ ಅದನ್ನೂ ಬರೆಯಿರಿ. ಮಗುವನ್ನು ಅಂಗನವಾಡಿಯಿಂದ ಕರೆದುಕೊಳ್ಳಲು ತಿರುಗಿದ್ದಳು ಎಂದಿದ್ದರೆ ಹಾಗೆಯೇ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಇಡೀ ಕಾಗದದ ಮೇಲಿನ ನಂಬಿಕೆ ಹೋಗುತ್ತದೆ.

ಇಎಸ್‌ಐನ ನಮೂನೆ 11 ಅಪಘಾತ ಪುಸ್ತಕ, ನಮೂನೆ 12 ಅಪಘಾತ ವರದಿ. ಪುಸ್ತಕದಲ್ಲಿ ಅಂದೇ ಬರೆದು, ವರದಿಯನ್ನು 24 ಗಂಟೆಯೊಳಗೆ ಕಳಿಸುವುದು ನಾನಿದ್ದ ಕಡೆಯೆಲ್ಲ ಪಾಲಿಸಿದ ಪದ್ಧತಿ. ಸಾವು ಅಥವಾ ಭಾರಿ ಗಾಯವಾದರೆ ಕೂಡಲೇ.

ತಿಂಗಳ ಸಂಬಳ 21,000 ರೂಪಾಯಿ ದಾಟಿ ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಅನ್ವಯವಾಗುತ್ತಿತ್ತು. ಅದರಲ್ಲಿ ಸಾವು, ಗಂಭೀರ ಗಾಯಗಳ ವರದಿಗೆ ಏಳು ದಿನ. ಪರಿಹಾರ ಒಂದು ತಿಂಗಳು ತಡವಾದರೆ ಶೇ 12ರ ಬಡ್ಡಿ, ಮೇಲೆ ದಂಡ. ಮನೆಯಿಂದ ಬರುವ ದಾರಿಯ ಪ್ರಶ್ನೆ ಈ ಕಾಯ್ದೆಯಡಿ ಬಹುಕಾಲ ಜಗ್ಗಾಟದಲ್ಲಿತ್ತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರ 2003ರ ಏಪ್ರಿಲ್‌ನಲ್ಲಿ ಬೈಕಿನಲ್ಲಿ ಕೆಲಸಕ್ಕೆ ಹೊರಟವನು, ಕಾರ್ಖಾನೆ ಇನ್ನು ಸುಮಾರು ಐದು ಕಿಲೋಮೀಟರ್ ಇದೆ ಎನ್ನುವಾಗ ಸತ್ತ. ಅವನದು ಬೆಳಗಿನ ಜಾವ ಶುರುವಾಗುವ ಪಾಳಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದು ಕೆಲಸದ ಅಪಘಾತವೇ ಎಂದು ತೀರ್ಪು ಕೊಟ್ಟಿತು. ನಡುವೆ 22 ವರ್ಷ. ಆ ಹೊತ್ತಿನಲ್ಲಿ ಆ ಮನುಷ್ಯ ಆ ರಸ್ತೆಯಲ್ಲಿರಲು ಡ್ಯೂಟಿ ಬಿಟ್ಟು ಬೇರೆ ಕಾರಣವಿರಲಿಲ್ಲ ಎಂಬುದು ಆ ಪ್ರಕರಣದ ಜೀವಾಳ. ಅದನ್ನು ತೋರಿಸಿದ್ದು ಪಾಳಿಯ ವೇಳೆ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮನೆ–ಕೆಲಸದ ದಾರಿಯ ಅಪಘಾತ ಈಗ ಇಎಸ್‌ಐ ಹೊರಗಿನವರಿಗೂ ಕೆಲಸದ ಅಪಘಾತದ ಲೆಕ್ಕಕ್ಕೆ ಸೇರಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ನಮೂನೆಗಳೂ ಬದಲಾಗುತ್ತವೆ. ಏನಾಯಿತು ಎಂಬುದನ್ನು ನೆಟ್ಟಗೆ ಬರೆದಿಟ್ಟಿದ್ದರೆ ಯಾವ ನಮೂನೆಗಾದರೂ ತುಂಬಬಹುದು.

5. 'ಅಜಾಗರೂಕತೆ' ಎಂದು ಬರೆದು ಪೆನ್ನು ಮುಚ್ಚಬೇಡಿ

ಹಳೆಯ ಪುಸ್ತಕಗಳಲ್ಲಿ ರಸ್ತೆ ಅಪಘಾತದ ನಮೂದು ಅಪ್ಪಿತಪ್ಪಿ ಇದ್ದರೂ ಹೀಗಿರುತ್ತದೆ: 'ಮೆಂಟೆನೆನ್ಸ್ ಫಿಟ್ಟರ್ ಹೊರಗೆ ಹೋಗಿದ್ದಾಗ ಬೈಕ್ ಅಪಘಾತ. ಕಾರಣ: ಅಜಾಗರೂಕ ಚಾಲನೆ. ಕ್ರಮ: ಎಚ್ಚರಿಕೆ ನೀಡಲಾಯಿತು.' ಆಸ್ಪತ್ರೆಯಲ್ಲಿ ಮಲಗಿದವನಿಗೆ ಎಚ್ಚರಿಕೆ!

ಅಂಥದೇ ಘಟನೆಯನ್ನು ಮುಂದೊಮ್ಮೆ ನಾವು ಬರೆದದ್ದು ಹೀಗೆ: 'ಮಧ್ಯಾಹ್ನ 2.10ಕ್ಕೆ ಮೂರನೇ ಲೈನಿನ ಕನ್ವೇಯರ್ ನಿಂತಿತು. 6205 ಬೇರಿಂಗ್ ಸ್ಟೋರ್ಸಿನಲ್ಲಿ ಇರಲಿಲ್ಲ. ಕಂಪನಿಯ ಗಾಡಿ ಡೆಸ್ಪ್ಯಾಚಿಗೆ ಹೋಗಿತ್ತು. ಶಿಫ್ಟ್ ಇನ್‌ಚಾರ್ಜ್ ಹೇಳಿದ ಮೇಲೆ ಫಿಟ್ಟರ್ ಸ್ವಂತ ಬೈಕಿನಲ್ಲಿ ಹೊರಟ. ಗೇಟ್ ಪಾಸ್ 2.40. ಬೆಳಿಗ್ಗೆ 6ರಿಂದ ಡ್ಯೂಟಿ, ಪಾಳಿ ಮುಗಿದರೂ ಓಟಿಗೆ ನಿಂತಿದ್ದ, ಊಟ ಆಗಿರಲಿಲ್ಲ. 3.05ಕ್ಕೆ ಇನ್‌ಚಾರ್ಜ್ ಎರಡು ಸಲ ಫೋನ್ ಮಾಡಿದ್ದಾರೆ. ಸುಮಾರು 3.10ಕ್ಕೆ ಮೇಲ್ಸೇತುವೆಯ ಕೆಳಗೆ ಲಾರಿ ಎಡಕ್ಕೆ ತಿರುಗುವಾಗ ತಗುಲಿದೆ. ಮಳೆ ಬರುತ್ತಿತ್ತು. ಹೆಲ್ಮೆಟ್ ಹಾಕಿದ್ದ.'

ಈ ಎರಡನೆಯ ನಮೂದನ್ನು ಓದಿದ ಕೂಡಲೇ ಏನು ಮಾಡಬೇಕೆಂದು ಯಾರಿಗಾದರೂ ಹೊಳೆಯುತ್ತದೆ. ಆ ಬೇರಿಂಗಿನ ದಾಸ್ತಾನು ಎರಡಕ್ಕಿಂತ ಕಡಿಮೆಯಾಗಬಾರದೆಂದು ಸ್ಟೋರ್ಸಿಗೆ ಬರೆದೆವು. ಸ್ವಂತ ಬೈಕಿನಲ್ಲಿ ಕಂಪನಿ ಕೆಲಸಕ್ಕೆ ಕಳಿಸುವುದನ್ನು ನಿಲ್ಲಿಸಿದೆವು. ಹೊರಗೆ ಹೋದವರಿಗೆ ಫೋನ್ ಮಾಡಬಾರದು, ಅವರೇ ನಿಂತು ಮಾಡಬೇಕು ಎಂಬ ನಿಯಮ ಬಂತು. ಇದರಲ್ಲಿ ಒಂದಾದರೂ ರಸ್ತೆಯಲ್ಲಿ ಮಾಡುವ ಕೆಲಸವೇ? ಎಲ್ಲವೂ ಗೇಟಿನ ಒಳಗಿನದು. ರಸ್ತೆ ನಮ್ಮ ಕೈಯಲ್ಲಿಲ್ಲ ಎನ್ನುವವರಿಗೆ ನಾನು ಕೊಡುವ ಉತ್ತರ ಈ ನಮೂದು.

ಡ್ರೈವರ್‌ಗಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದಿತ್ತು. ಟ್ರಿಪ್ ಶೀಟಿನಲ್ಲಿ ಈ ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಅದು ಒಂದು ಕಂಪನಿಯ ಟ್ರಿಪ್ ಶೀಟ್. ಬೆಳಗಿನ ಪಾಳಿಯವರನ್ನು ನಮ್ಮಲ್ಲಿಗೆ ತಂದು ಬಿಟ್ಟ ವ್ಯಾನ್ ಡ್ರೈವರ್ ಹಗಲು ಶಾಲೆ ಮಕ್ಕಳನ್ನು ಸಾಗಿಸುತ್ತಾನೆ, ರಾತ್ರಿ ಮತ್ತೊಂದು ಕಾರ್ಖಾನೆಗೆ ಓಡುತ್ತಾನೆ. ಡಿವೈಡರಿಗೆ ಹೊಡೆದ ಒಬ್ಬ ಡ್ರೈವರ್ ನನಗೆ ಹೇಳಿದ್ದು: 'ನಿದ್ದೆ ಮಾಡ್ಲಿಲ್ಲ ಸಾ, ಕಣ್ಣು ತಾನೇ ಎಳ್ಕಂಡೋಯ್ತು.' ಅವನು ಹಿಂದಿನ ರಾತ್ರಿ ಎಲ್ಲಿದ್ದ ಎಂದು ಕೇಳಿದಾಗಲೇ ಕಾರಣ ತಿಳಿದದ್ದು. ಈ ಪ್ರಶ್ನೆಯನ್ನು ಗದರಿಸಿ ಕೇಳಿದರೆ ಉತ್ತರ ಬರುವುದಿಲ್ಲ. ಕೆಲಸ ಕಳೆಯುವುದಿಲ್ಲ ಎಂಬ ಭರವಸೆ ಕೊಟ್ಟು ಕೇಳಬೇಕು, ಕೊಟ್ಟ ಭರವಸೆಯನ್ನು ಉಳಿಸಿಕೊಳ್ಳಬೇಕು.

6. ಕಾಂಟ್ರಾಕ್ಟರ್ ಕಡೆಯವರೂ ನಮ್ಮವರೇ

ಅಪಘಾತವಾದಾಗ ಮೊದಲು ಕೇಳಿಬರುವುದು 'ಅವನು ನಮ್ಮ ರೋಲ್‌ನಲ್ಲಿ ಇಲ್ಲ.' ರೋಲ್‌ನಲ್ಲಿ ಇಲ್ಲದಿರಬಹುದು, ನಮ್ಮ ಮಾಲನ್ನೇ ಹೊತ್ತಿದ್ದ. ಇಎಸ್‌ಐ ಕಾಯ್ದೆಯೂ ಪರಿಹಾರ ಕಾಯ್ದೆಯೂ ಮುಖ್ಯ ಮಾಲೀಕನ ಹೊಣೆಯನ್ನು ಒಪ್ಪಿಕೊಂಡೇ ಬಂದಿದ್ದವು. ಲಾರಿಯ ಕ್ಲೀನರ್ ಹುಡುಗರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಅದಕ್ಕಾಗಿ ಗೇಟಿನ ಸೆಕ್ಯುರಿಟಿ ಪುಸ್ತಕದಲ್ಲಿ ಡ್ರೈವರ್ ಜೊತೆ ಬಂದ ಪ್ರತಿಯೊಬ್ಬರ ಹೆಸರು, ಊರು, ಮನೆಯವರ ಫೋನ್ ನಂಬರ್ ಬರೆಸುವ ಪದ್ಧತಿ ತನ್ನಿ. ಹೆಸರಿಲ್ಲದವನಿಗೆ ಪರಿಹಾರವೂ ಇಲ್ಲ.

ಡೆಲಿವರಿ ಹುಡುಗರ ಮಾತು ಬೇರೆಯೇ. ಕರ್ನಾಟಕ ಸರ್ಕಾರ 2023ರಲ್ಲಿ ಗಿಗ್ ಕಾರ್ಮಿಕರಿಗೆ ವಿಮಾ ಯೋಜನೆ ತಂದಿತು. ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ ಒಟ್ಟು 4 ಲಕ್ಷ ರೂಪಾಯಿ. ಅವರಿಗೆ ನಾನು ಹೇಳುವುದು ಒಂದೇ: ಬಿದ್ದಾಗ ಕೈಯಲ್ಲಿದ್ದ ಆರ್ಡರಿನ ಪರದೆಯನ್ನು ಗೆಳೆಯರು ಫೋಟೊ ಹೊಡೆದಿಟ್ಟುಕೊಳ್ಳಲಿ. ಅವರ ಮಸ್ಟರ್ ರೋಲ್ ಆ್ಯಪ್‌ನಲ್ಲಿದೆ, ಆ್ಯಪ್ ಅವರ ಕೈಯಲ್ಲಿಲ್ಲ.

7. ಗೇಟಿನ ಬೋರ್ಡು ಜನರ ಬಾಯಿ ಮುಚ್ಚಿಸಬಾರದು

ಬಹಳಷ್ಟು ಕಾರ್ಖಾನೆಗಳ ಬಾಗಿಲಲ್ಲಿ 'ಅಪಘಾತವಿಲ್ಲದ ದಿನಗಳು' ಎಂಬ ಬೋರ್ಡು ಇರುತ್ತದೆ. ಇಷ್ಟು ದಿನ ತುಂಬಿದರೆ ಎಲ್ಲರಿಗೂ ಸಿಹಿ, ಡಿಪಾರ್ಟ್‌ಮೆಂಟಿಗೆ ಬಹುಮಾನ. ಆ ಸಂಖ್ಯೆ ದೊಡ್ಡದಾದಷ್ಟೂ ಅದನ್ನು ಸೊನ್ನೆಗೆ ಇಳಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಮೊದಲು ಬಲಿಯಾಗುವುದು ರಸ್ತೆಯ ಅಪಘಾತ, ಯಾಕೆಂದರೆ ಅದನ್ನು ಹೊರಗೆ ತಳ್ಳುವುದು ಸುಲಭ. ಬಹುಮಾನವನ್ನು ಸಂಖ್ಯೆಗೆ ಕಟ್ಟಬೇಡಿ. ವರದಿ ಮಾಡಿದವರಿಗೆ, ಅಪಾಯ ಗುರುತಿಸಿದವರಿಗೆ ಕೊಡಿ. ಬೋರ್ಡು ಬೇಕೇ ಬೇಕು ಎಂದರೆ ರಸ್ತೆಗೂ ಅದರಲ್ಲಿ ಒಂದು ಸಾಲು ಇರಲಿ.

8. ಕೂದಲೆಳೆಯಲ್ಲಿ ತಪ್ಪಿದ್ದನ್ನು ಬರೆಯುವ ಪುಸ್ತಕ

ವ್ಯಾನ್ ಡ್ರೈವರ್‌ಗಳಿಗೆ ತಲಾ ಒಂದು ಜೇಬು ಪುಸ್ತಕ ಕೊಟ್ಟಿದ್ದೆವು. ಬ್ರೇಕ್ ಒತ್ತಬೇಕಾಗಿ ಬಂದ ಜಾಗ, ಹೊತ್ತು, ಕಾರಣ, ಇಷ್ಟನ್ನು ಬರೆಯಬೇಕು. ಕನ್ನಡದಲ್ಲಿ, ತಮಗೆ ಬಂದಂತೆ. ಮೊದಲು ಯಾರೂ ಬರೆಯಲಿಲ್ಲ. ತಮ್ಮ ಮೇಲೇ ಚಾಡಿ ಬರೆದುಕೊಂಡಂತೆ ಅನ್ನಿಸುತ್ತಿತ್ತು ಅವರಿಗೆ. ಶನಿವಾರ ಶನಿವಾರ ಪುಸ್ತಕ ತೆಗೆದುಕೊಂಡು ಟೀ ಕುಡಿಯುತ್ತ ಕೂತು ಓದಿ, ಅದರಿಂದ ಒಂದಾದರೂ ಕೆಲಸ ಆಗುವಂತೆ ನೋಡಿಕೊಂಡ ಮೇಲೆ ಬರೆಯತೊಡಗಿದರು.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಅವೆಲ್ಲ ಸರ್ವೀಸ್ ರಸ್ತೆಗೆ ಬಂದವು. ನಮ್ಮ ಕೆಲಸಗಾರರಲ್ಲಿ ಬಹುಪಾಲು ಬೈಕಿನವರು. ಪುಸ್ತಕಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರತೊಡಗಿತು: 'ರಾಂಗ್ ಸೈಡ್ ಬೈಕ್ ಎದುರಿಗೆ ಬಂತು, ಬೆಳಿಗ್ಗೆ 5.40.' ಹೋಗಿ ನಿಂತು ನೋಡಿದೆ. ಅಂಡರ್‌ಪಾಸ್ ದೂರವಿತ್ತು. ನಮ್ಮ ವ್ಯಾನ್ ಹತ್ತಿಸಿಕೊಳ್ಳುವ ಜಾಗ ಊರಿನ ಎದುರು ಬದಿಯಲ್ಲಿತ್ತು. ವ್ಯಾನ್ ತಪ್ಪಿಸಿಕೊಳ್ಳಬಾರದೆಂದು, ಹೆಣ್ಣುಮಕ್ಕಳನ್ನು ಬಿಡಲು ಬರುವ ಅಪ್ಪ, ಅಣ್ಣಂದಿರು ಬೈಕನ್ನು ವಿರುದ್ಧ ದಿಕ್ಕಿನಲ್ಲಿ ಓಡಿಸುತ್ತಿದ್ದರು. ಅಂದರೆ ರಾಂಗ್ ಸೈಡ್ ಬೈಕುಗಳಲ್ಲಿ ಹಲವು ನಮ್ಮ ಕಡೆಯವೇ! ವ್ಯಾನನ್ನು ಅಂಡರ್‌ಪಾಸಿನಲ್ಲಿ ತಿರುಗಿಸಿ ಊರಿನ ಬದಿಗೇ ತಂದೆವು, ಹೊರಡುವ ವೇಳೆ ಸ್ವಲ್ಪ ಮುಂದಕ್ಕೆ ಹೋಯಿತು. ಡೀಸೆಲ್ ಖರ್ಚಿನ ತಕರಾರು ಬಂತು. ಪುಸ್ತಕದ ಪುಟಗಳನ್ನೇ ಮ್ಯಾನೇಜರ ಮೇಜಿನ ಮೇಲಿಟ್ಟೆ, ಒಪ್ಪಿದರು. ಯಾರೂ ಸಾಯುವ ಮುನ್ನ ಬರೆದ ಕಾಗದದಿಂದ ಆದ ಕೆಲಸ ಇದು. ನನ್ನ ವೃತ್ತಿಯಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಕಾಗದವೂ ಇದೇ.

9. ಅಳಿಸಿ ಹೋಗುವುದನ್ನು ಮೊದಲು ಎತ್ತಿಡಿ

ಪೆಟ್ರೋಲ್ ಬಂಕಿನ, ಟೋಲಿನ ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಯುತ್ತವೆ. ಜಿಪಿಎಸ್ ದಾಖಲೆ, ಗೇಟ್ ಪಾಸ್, ಪಂಚ್ ವಿವರ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಆದೇಶ, ಎಲ್ಲದರ ಪ್ರತಿ ಅಂದೇ ತೆಗೆದಿಡಿ. ಮೋಟಾರು ವಾಹನ ಕಾಯ್ದೆಯಡಿ ಪರಿಹಾರದ ಅರ್ಜಿಗೆ 2022ರ ಏಪ್ರಿಲ್‌ನಿಂದ ಆರು ತಿಂಗಳ ಮಿತಿ ಬಂದಿದೆ. ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ ಅದನ್ನು ನಂಬಿ ಕೂರಬೇಡಿ. ಗುದ್ದಿದ ಗಾಡಿ ಸಿಗದೇ ಹೋದರೂ ಸಾವಿಗೆ 2 ಲಕ್ಷ, ಭಾರಿ ಗಾಯಕ್ಕೆ 50,000 ರೂಪಾಯಿ ಪಡೆಯುವ ದಾರಿ ಇದೆ. ಅದು ಬಹಳ ಜನರಿಗೆ ಗೊತ್ತೇ ಇಲ್ಲ.

10. ಮನೆಯವರಿಗೆ ಒಂದು ಕಡತ ಕೊಡಿ

ಅಂತ್ಯಕ್ರಿಯೆಗೆ ಹಾರ ತೆಗೆದುಕೊಂಡು ಹೋಗುವುದು ಸರಿ, ಹೋಗಲೇಬೇಕು. ಅದಾದ ಮೇಲೆ ವಾರದೊಳಗೆ ಮತ್ತೊಮ್ಮೆ ಹೋಗಿ. ಕೈಯಲ್ಲಿ ಕಡತ ಇರಲಿ: ಅಪಘಾತ ವರದಿಯ ಪ್ರತಿ, ಎಫ್‌ಐಆರ್ ಪ್ರತಿ, ಮೂರು ತಿಂಗಳ ಸಂಬಳದ ಚೀಟಿ, ಆ ದಿನದ ಹಾಜರಿ, ಇಎಸ್‌ಐ ನಂಬರು, ಶಾಖೆಯ ವಿಳಾಸ. ಯಾವ ಕಾಗದ ಯಾವುದಕ್ಕೆ ಎಂದು ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರಿ. ಮನೆಯಲ್ಲಿ ಓದಿದ ಮಗಳೋ ತಮ್ಮನೋ ಇದ್ದೇ ಇರುತ್ತಾರೆ, ಅವರನ್ನು ಕೂರಿಸಿಕೊಂಡು ವಿವರಿಸಿ. ನಾಗಮಂಗಲ ಕಡೆಯ ಒಂದು ಹಟ್ಟಿಯಲ್ಲಿ ಸತ್ತವನ ತಾಯಿ ನನ್ನನ್ನು ಕೇಳಿದ್ದು, 'ಇದ್ರಾಗೆ ನನ್ ಮಗ ಕೆಲ್ಸದ್ ಮೇಲೇ ಹೋದ ಅಂತ ಬರ್ದೈತಾ ಸ್ವಾಮಿ?' ಎಂದು. ಹಣದ ಮಾತು ಆಕೆ ಎತ್ತಲಿಲ್ಲ. ಊರಿನವರು 'ಕುಡಿದು ಬಿದ್ದಿರಬೇಕು' ಎಂದು ಆಡಿಕೊಳ್ಳುತ್ತಿದ್ದರಂತೆ. ಬರೆದಿದೆ ಎಂದು ಆ ಸಾಲನ್ನು ಎರಡು ಸಲ ಓದಿ ಹೇಳಿದೆ.

11. ಲೆಕ್ಕವನ್ನು ಕಾರ್ಖಾನೆಯ ಆಚೆಗೂ ಕಳಿಸಿ

ಬ್ರಿಟನ್ನಿನಲ್ಲಿ ರಸ್ತೆ ಅಪಘಾತಗಳು ಹೆಚ್ಚಿನಂಶ ಕೆಲಸದ ಅಪಘಾತ ವರದಿಯ ನಿಯಮಗಳಿಂದ ಹೊರಗೇ ಉಳಿದಿವೆ. ಆದರೆ ಅಲ್ಲಿನ ಪೊಲೀಸರ ಅಪಘಾತ ನಮೂನೆಯಲ್ಲಿ ಪ್ರಯಾಣದ ಉದ್ದೇಶ ಎಂಬ ಅಂಕಣವಿದೆ: ಕೆಲಸದ ಭಾಗವಾಗಿ ಹೊರಟಿದ್ದೋ, ಕೆಲಸಕ್ಕೆ ಹೋಗಿಬರುತ್ತಿದ್ದದ್ದೋ ಎಂದು ಗುರುತು ಹಾಕುತ್ತಾರೆ. ನಮ್ಮ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯಲ್ಲೂ ಅಂಥ ಕೋಷ್ಟಕ ಬರಬೇಕು. ಇ–ಡಾರ್ ಇರುವಾಗ ಇದು ಕಷ್ಟದ ಕೆಲಸವಲ್ಲ. ಕಾರ್ಮಿಕ ಸಂಘಗಳೂ ಕೈಗಾರಿಕಾ ಸಂಘಗಳೂ ಒಟ್ಟಾಗಿ ಕೇಳಬೇಕಾದ ವಿಷಯ ಇದು.

ಅದು ಬರುವವರೆಗೆ ನಾವು ಮಾಡಬಹುದಾದದ್ದು ಇದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ನಮ್ಮ ಪುಸ್ತಕಗಳಿಂದ ಜಾಗಗಳ ಪಟ್ಟಿ ತೆಗೆದು, ಎಷ್ಟು ಅಪಘಾತ, ಎಷ್ಟು ಕೂದಲೆಳೆ, ಯಾವ ಹೊತ್ತು ಎಂದು ಒಂದು ಪುಟದಲ್ಲಿ ಬರೆದು ಆ ಸಮಿತಿಗೆ ಕಳಿಸಿ. ಅಕ್ಕಪಕ್ಕದ ಕಾರ್ಖಾನೆಗಳನ್ನೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಬೀದಿದೀಪ, ವೇಗ ತಗ್ಗಿಸುವ ಉಬ್ಬು, ಬಸ್ ತಂಗುದಾಣ ಯಾವ ತಿರುವಿನಲ್ಲಿ ಬೇಕೆಂದು ಬೆಳಗಿನ ಪಾಳಿಯ ಹೆಣ್ಣುಮಕ್ಕಳಿಗೆ ಗೊತ್ತಿರುವಷ್ಟು ಎಂಜಿನಿಯರಿಗೆ ಗೊತ್ತಿರುವುದಿಲ್ಲ. ಆ ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಸಭೆಗೆ ಕರೆದುಕೊಂಡು ಹೋಗಿ, ಆ ದಿನದ ಹಾಜರಿ ಹಾಕಿಸಿ, ಸಂಬಳ ಕಡಿಯದಂತೆ ನೋಡಿಕೊಳ್ಳಿ.